ಓವನ್ ಇಲ್ಲದ ಮನೆ, ಮಳೆಗಾಲದ ಸಂಜೆ: ಬಿಸಿ ಊಟ, ಜೊತೆಗೆ ಒಂದು ಸಿಹಿ ಹೇಳಿಕೊಡಿ

ಕೊಪ್ಪಳ ಟು ಹಾಸನ:

ಎಲ್ಲರಿಗೂ ನಮಸ್ಕಾರ. ಕೆಲಸದ ವರ್ಗಾವಣೆಯಾಗಿ ಈ ವರ್ಷ ಹಾಸನಕ್ಕೆ ಬಂದಿದ್ದೇವೆ. ನಾನು, ಹೆಂಡತಿ, ಅವ್ವ, ಐದು ವರ್ಷದ ಮಗಳು. ನಾನು ಸಂಜೆ ಸ್ವಲ್ಪ ಬೇಗ ಬರುವುದರಿಂದ ರಾತ್ರಿ ಅಡುಗೆ ನನ್ನದು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಹಬ್ಬಕ್ಕೆ ಗೋಧಿ ಹುಗ್ಗಿ, ಇವೆಲ್ಲ ಚೆನ್ನಾಗಿ ಮಾಡುತ್ತೇನೆ. ಆದರೆ ಇಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲ, ಹೊರಗೆ ಜಿಟಿಜಿಟಿ, ಒಳಗೆ ಚಳಿ, ಅವ್ವನಿಗೆ ಈಗ ಖಡಕ್ ರೊಟ್ಟಿ ಅಗಿಯಲು ಆಗುವುದಿಲ್ಲ. ಮೆತ್ತಗೆ, ಬಿಸಿಬಿಸಿಯಾಗಿ, ಜಾಸ್ತಿ ಖಾರ ಇಲ್ಲದ ಊಟ ಬೇಕು. ಇಲ್ಲಿಯವರು ಅಕ್ಕಿಯಲ್ಲೇ ಎಷ್ಟೊಂದು ಬಗೆ ಮಾಡುತ್ತಾರಲ್ಲ, ಅದನ್ನು ಕಲಿಯುವ ಆಸೆ.

ಇನ್ನೊಂದು ವಿಷಯ. ಪಕ್ಕದ ಮನೆಯವರು ಹಾಲುಬಾಯಿ ಕೊಟ್ಟಿದ್ದರು. ಅವ್ವನೂ ಮಗಳೂ ಒಂದೇ ತಟ್ಟೆಯಲ್ಲಿ ಕೂತು ತಿಂದರು. ಅದನ್ನು ಮನೆಯಲ್ಲಿ ಮಾಡುವುದು ಹೇಗೆ? ಹಾಗೆಯೇ, ಪಾಯಸಕ್ಕೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದಲ್ಲ, ಅದಕ್ಕೆ ಇಲ್ಲಿಯವರು ಏನು ಮಾಡುತ್ತೀರಿ? ನಮ್ಮಲ್ಲಿ ಓವನ್ ಇಲ್ಲ. ಎರಡು ಒಲೆಯ ಗ್ಯಾಸ್, ಕುಕ್ಕರ್, ಮಿಕ್ಸಿ, ಇಡ್ಲಿ ಪಾತ್ರೆ ಇವೆ. ಒಂದು ಗಂಟೆಯೊಳಗೆ ಊಟ ಮುಗಿಯುವ ಹಾಗಿದ್ದರೆ ಒಳ್ಳೆಯದು.

ಮೂಡಿಗೆರೆ ಕಾಳುಮೆಣಸು:

ಇಡ್ಲಿ ಪಾತ್ರೆ ಇದೆ ಅಂದಮೇಲೆ ಮೊದಲು ಕಡುಬು ಕಲಿಯಿರಿ ಸರ್. ಮಲೆನಾಡಿನ ಮಳೆಗಾಲಕ್ಕೆ ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ, ಹಲ್ಲಿಲ್ಲದ ಅಜ್ಜ ಅಜ್ಜಿಯರಿಂದ ಹಿಡಿದು ಪುಟ್ಟ ಮಕ್ಕಳವರೆಗೆ ಎಲ್ಲರೂ ತಿನ್ನುತ್ತಾರೆ.

ಭಾನುವಾರ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಅಕ್ಕಿ ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಪೂರ್ತಿ ಒಣಗಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ತರಿ ಆಗಬೇಕು, ಹಿಟ್ಟಾಗಬಾರದು. ಡಬ್ಬಿಗೆ ತುಂಬಿದರೆ ವಾರಕ್ಕೆ ಸಾಕು. ಮಳೆಗಾಲದಲ್ಲಿ ಅಕ್ಕಿ ಬೇಗ ಒಣಗುವುದಿಲ್ಲ, ಅದಕ್ಕೆ ಫ್ಯಾನ್ ಕೆಳಗೆ ಹರಡಿ, ಇಲ್ಲದಿದ್ದರೆ ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ. ತೇವ ಉಳಿದರೆ ಡಬ್ಬಿಯಲ್ಲಿ ಮುಗ್ಗಲು ವಾಸನೆ ಬರುತ್ತದೆ.

ಸಂಜೆ ಬಂದು ಒಂದು ಲೋಟ ತರಿಗೆ ಎರಡೂಕಾಲು ಲೋಟ ನೀರು ಇಡಿ. ಉಪ್ಪು, ಒಂದು ಚಮಚ ಎಣ್ಣೆ, ಒಂದು ಹಿಡಿ ತೆಂಗಿನ ತುರಿ ಹಾಕಿ. ನೀರು ಕುದಿಯುವಾಗ ಒಂದು ಕೈಯಲ್ಲಿ ತರಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿ. ಗಟ್ಟಿಯಾದ ಕೂಡಲೇ ಮುಚ್ಚಿ ಒಲೆ ಆರಿಸಿ, ಐದು ನಿಮಿಷ ಹಾಗೇ ಬಿಡಿ. ಆಮೇಲೆ ಕೈ ಒದ್ದೆ ಮಾಡಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಿ, ಹಬೆಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ. ಆರಿದ ಮೇಲೆ ಕಟ್ಟಲು ಹೋದರೆ ಉಂಡೆ ಬಿರುಕು ಬಿಡುತ್ತದೆ. ಇಷ್ಟೇ ಕೆಲಸ.

ಕಡುಬು ಬೇಯುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಮೆಣಸಿನ ಸಾರು ಆಗುತ್ತದೆ. ಒಂದು ಚಮಚ ಜೀರಿಗೆ, ಮುಕ್ಕಾಲು ಚಮಚ ಕಾಳುಮೆಣಸು, ನಾಲ್ಕೈದು ಎಸಳು ಬೆಳ್ಳುಳ್ಳಿ ಜಜ್ಜಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಚೂರು ಬೆಲ್ಲ ಸೇರಿಸಿ ಕುದಿಸಿ, ತುಪ್ಪದಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ಮಗಳಿಗೆ ಮೆಣಸು ಖಾರ ಅನಿಸಿದರೆ ಅವಳ ಕಡುಬಿಗೆ ಬರೀ ತುಪ್ಪ, ಬೆಲ್ಲ ಹಾಕಿಕೊಡಿ. ಅದೇ ಅವಳಿಗೆ ಸಿಹಿತಿಂಡಿ.

ಹೊಳೆನರಸೀಪುರ ಮನೆಯಡುಗೆ:

ಹಾಲುಬಾಯಿ ಬಗ್ಗೆ ನಾನು ಹೇಳುತ್ತೇನೆ. ಇದನ್ನು ಯೂಟ್ಯೂಬಲ್ಲಿ ಹತ್ತು ನಿಮಿಷದ ಸಿಹಿ ಅಂತ ತೋರಿಸುತ್ತಾರೆ, ಅದು ನನಗೆ ಒಪ್ಪಿಗೆ ಇಲ್ಲ. ಹಾಲುಬಾಯಿಗೆ ಬೇಕಾಗಿರುವುದೇ ತಾಳ್ಮೆ, ಉಳಿದ ಸಾಮಾನು ಎಲ್ಲರ ಮನೆಯಲ್ಲೂ ಇದ್ದೇ ಇರುತ್ತದೆ.

ಒಂದು ಲೋಟ ಅಕ್ಕಿ (ದಿನಾ ಅನ್ನಕ್ಕೆ ಹಾಕುವ ಸೋನಾಮಸೂರಿಯೇ ಸಾಕು) ನಾಲ್ಕೈದು ಗಂಟೆ ನೆನೆಸಿ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ನೆನೆಹಾಕಿದರೂ ನಡೆಯುತ್ತದೆ. ಒಂದು ಲೋಟ ತೆಂಗಿನ ತುರಿ ಜೊತೆ ನುಣ್ಣಗೆ ರುಬ್ಬಿ. ನುಣ್ಣಗೆ ಅಂದರೆ ಬೆರಳಲ್ಲಿ ಉಜ್ಜಿದರೆ ಒಂದು ತರಿಯೂ ಸಿಗಬಾರದು, ಅನುಮಾನ ಇದ್ದರೆ ಸೋಸಿಬಿಡಿ. ಒಂದೂಕಾಲರಿಂದ ಒಂದೂವರೆ ಲೋಟ ಪುಡಿಬೆಲ್ಲವನ್ನು ಒಂದು ಲೋಟ ನೀರಲ್ಲಿ ಕರಗಿಸಿ, ಅದನ್ನೂ ಸೋಸಿ, ಯಾಕೆಂದರೆ ಬೆಲ್ಲದಲ್ಲಿ ಮಣ್ಣು, ಕಬ್ಬಿನ ಸಿಪ್ಪೆ ಇರುವುದು ಮಾಮೂಲು. ಎಲ್ಲ ಸೇರಿಸಿದಾಗ ಹಿಟ್ಟು ದೋಸೆ ಹಿಟ್ಟಿಗಿಂತ ತುಂಬಾ ತೆಳ್ಳಗಿರಬೇಕು. ರುಬ್ಬಲು ಹಾಕಿದ್ದೂ ಸೇರಿ ಒಟ್ಟು ನಾಲ್ಕು ಲೋಟ ನೀರಿನ ಲೆಕ್ಕ. ಇಲ್ಲಿಯೇ ಜನ ಹೆದರುತ್ತಾರೆ. ಇಷ್ಟು ನೀರಾದರೆ ಗಟ್ಟಿಯಾಗುತ್ತಾ ಅಂತ ನೀರು ಕಡಿಮೆ ಮಾಡುತ್ತಾರೆ, ಆಗ ಅಕ್ಕಿ ಬೇಯುವ ಮೊದಲೇ ಮುದ್ದೆಯಾಗಿ ಹಸಿವಾಸನೆ ಉಳಿಯುತ್ತದೆ, ಮಾರನೆಯ ದಿನ ಗಟ್ಟಿಯಾಗುತ್ತದೆ. ಧೈರ್ಯವಾಗಿ ನೀರು ಹಾಕಿ.

ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ, ಆಮೇಲೆ ಒಮ್ಮೆಲೇ ತಳದಲ್ಲಿ ಗಂಟು ಕಟ್ಟಲು ಶುರುವಾಗುತ್ತದೆ. ಆ ಹೊತ್ತಲ್ಲಿ ಮಾತ್ರ ಫೋನು, ಟಿವಿ ಯಾವುದೂ ಬೇಡ, ತಳ ಮುಟ್ಟುವಂತೆ ತಿರುಗಿಸುತ್ತಲೇ ಇರಿ. ನಡುವೆ ಎರಡು ಸಲ ಒಂದೊಂದು ಚಮಚ ತುಪ್ಪ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದಲ್ಲಿ ಬಿಳಿಚು ಹೋಗಿ ಹೊಳಪು ಬರುತ್ತದೆ, ಪಾತ್ರೆಯ ಅಂಚು ಬಿಟ್ಟು ಒಟ್ಟಾಗುತ್ತದೆ. ಒಂದು ಚೂರನ್ನು ತಟ್ಟೆಗೆ ಹಾಕಿ ಆರಿಸಿ, ಒದ್ದೆ ಬೆರಳಲ್ಲಿ ಮುಟ್ಟಿ. ಅಂಟದಿದ್ದರೆ ಆಯಿತು. ಏಲಕ್ಕಿ ಪುಡಿ ಹಾಕಿ, ತುಪ್ಪ ಸವರಿದ ತಟ್ಟೆಗೆ ಸುರಿದು ಸಮ ಮಾಡಿ. ಪೂರ್ತಿ ಆರುವವರೆಗೆ ಚಾಕು ಹಾಕಬೇಡಿ.

ಅಕ್ಕಿಯ ಬದಲು ರಾಗಿಯಲ್ಲೂ ಮಾಡುತ್ತಾರೆ. ರಾತ್ರಿಯಿಡೀ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಎರಡು ಮೂರು ಸಲ ಹಿಂಡಿ ಹಾಲು ತೆಗೆಯಬೇಕು. ಕೆಲಸ ಜಾಸ್ತಿ, ಆದರೆ ಬಾಯಲ್ಲಿಟ್ಟರೆ ಬೆಣ್ಣೆ ಹಾಗೆ ಕರಗುತ್ತದೆ. ಅದು ರಜೆ ದಿನಕ್ಕಿರಲಿ.

ಅರಸೀಕೆರೆ ತೆಂಗು:

ಅಣ್ಣಾ, ಕೆಲಸ ಮುಗಿಸಿ ಬಂದು ಸುಸ್ತಾದ ದಿನಕ್ಕೆ ಹುರಿಹಿಟ್ಟು ತಂದಿಟ್ಟುಕೊಳ್ಳಿ. ರಾಗಿ ಅರಳು ಹುರಿದು ಬೀಸಿದ ಹಿಟ್ಟು ಅದು, ಆದ್ದರಿಂದ ಮತ್ತೆ ಬೇಯಿಸುವುದು ಬೇಕಾಗಿಲ್ಲ. ಪುಡಿಬೆಲ್ಲ, ಕಾಯಿತುರಿ, ತುಪ್ಪ, ಉಗುರುಬೆಚ್ಚಗಿನ ಹಾಲು ಹಾಕಿ ಕಲಸಿದರೆ ಐದು ನಿಮಿಷದಲ್ಲಿ ಸಿಹಿ ರೆಡಿ. ಉಂಡೆ ಕಟ್ಟಿದರೆ ಮಗಳು ಕೈಯಲ್ಲಿ ಹಿಡಿದು ತಿನ್ನುತ್ತಾಳೆ, ಅಮ್ಮನಿಗೆ ಸ್ವಲ್ಪ ಹಾಲು ಜಾಸ್ತಿ ಹಾಕಿ ಚಮಚದಲ್ಲಿ ಕೊಡಿ. ಮುದ್ದೆಗೆ ಹಾಕುವ ರಾಗಿಹಿಟ್ಟು ತಂದು ಹೀಗೆ ಕಲಸಬೇಡಿ, ಅದು ಹಸಿ ಹಿಟ್ಟು. ಅಂಗಡಿಯಲ್ಲಿ ಹುರಿಹಿಟ್ಟು ಅಂತಲೇ ಕೇಳಿ.

ಕೊಪ್ಪಳ ಟು ಹಾಸನ:

ಎಲ್ಲರಿಗೂ ತುಂಬಾ ಧನ್ಯವಾದ. ಎಷ್ಟು ಬಿಡಿಸಿ ಬರೆದಿದ್ದೀರಿ! ಎರಡು ಸಣ್ಣ ಪ್ರಶ್ನೆ. ಕಡುಬಿಗೆ ಅಂಗಡಿಯ ಇಡ್ಲಿ ರವೆ ನಡೆಯುತ್ತಾ? ಮತ್ತೆ ಹಾಲು ಬೆಲ್ಲದ ವಿಷಯ ಯಾರಾದರೂ ಹೇಳಿ, ಅವ್ವನಿಗೆ ಸಕ್ಕರೆ ಪಾಯಸ ಸೇರುವುದಿಲ್ಲ.

ಮೂಡಿಗೆರೆ ಕಾಳುಮೆಣಸು:

ನಡೆಯುತ್ತದೆ. ಆದರೆ ಇಡ್ಲಿ ರವೆಯನ್ನು ಸಾಮಾನ್ಯವಾಗಿ ಕುಸುಬಲಕ್ಕಿಯಿಂದ ಮಾಡಿರುತ್ತಾರೆ, ಬೆಳ್ತಿಗೆ ಅಕ್ಕಿ ತರಿಯ ಪರಿಮಳ ಅದರಲ್ಲಿ ಇಲ್ಲ, ಕಡುಬೂ ಸ್ವಲ್ಪ ಬಿರುಸು. ಅದಕ್ಕೆ ನೀರು ಕಾಲು ಲೋಟ ಜಾಸ್ತಿ ಇಡಿ. ಅಕ್ಕಿ ತರಿ ಅಂತಲೇ ಕೆಲವು ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ನೋಡಿ.

ಕೊಪ್ಪದವಳು:

ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ, ಅದು ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಕುದಿಯುವಾಗ ಹಾಲೇ ಹಾಕಬೇಡಿ. ಬೆಲ್ಲ ಬೇರೆ ಕರಗಿಸಿ, ಸೋಸಿ, ಆರಲು ಬಿಡಿ. ಹಾಲು ಕಾಯಿಸಿ ಅದನ್ನೂ ಆರಿಸಿ. ಎರಡೂ ಉಗುರುಬೆಚ್ಚಗೆ ಇರುವಾಗ ಸೇರಿಸಿ, ಮತ್ತೆ ಕುದಿಸಲು ಹೋಗಬೇಡಿ.

ನಮ್ಮ ಕಡೆ ಈ ತಾಪತ್ರಯವೇ ಬೇಡ ಅಂತ ಕಾಯಿಹಾಲು ಹಾಕುತ್ತೇವೆ. ಅವ್ವನಿಗೆ ಗಸಗಸೆ ಪಾಯಸ ಮಾಡಿಕೊಡಿ, ಖಂಡಿತ ಇಷ್ಟ ಆಗುತ್ತದೆ. ಎರಡು ಚಮಚ ಗಸಗಸೆ, ಒಂದು ಚಮಚ ಅಕ್ಕಿ ಬೆಚ್ಚಗೆ ಹುರಿದು, ಅರ್ಧ ಲೋಟ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ. ಎರಡೂವರೆ ಲೋಟ ನೀರು ಸೇರಿಸಿ ಎಂಟು ಹತ್ತು ನಿಮಿಷ ಕುದಿಸಿ, ಅರ್ಧದಿಂದ ಮುಕ್ಕಾಲು ಲೋಟ ಬೆಲ್ಲ ಹಾಕಿ, ಏಲಕ್ಕಿ ಹಾಕಿ ಇಳಿಸಿ. ಅಕ್ಕಿ ಇರುವುದರಿಂದ ಆರುತ್ತಾ ಗಟ್ಟಿಯಾಗುತ್ತದೆ, ಕುಡಿಯುವ ಹದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಒಲೆ ಆರಿಸಿ. ರಾತ್ರಿ ಇದನ್ನು ಕುಡಿದರೆ ಒಳ್ಳೆ ನಿದ್ದೆ ಬರುತ್ತದೆ ಅಂತ ಹಿರಿಯರು ಹೇಳುತ್ತಾರೆ.

ಒಲೆಯನ್ನೇ ಹಚ್ಚದ ಸಿಹಿ ಬೇಕೆಂದರೆ ಬಾಳೆಹಣ್ಣಿನ ರಸಾಯನ. ಚೆನ್ನಾಗಿ ಕಳಿತ ಏಲಕ್ಕಿ ಬಾಳೆ ಅಥವಾ ಪುಟ್ಟಬಾಳೆ ಹೆಚ್ಚಿ, ಪುಡಿಬೆಲ್ಲ ಉದುರಿಸಿ ಹತ್ತು ನಿಮಿಷ ಬಿಟ್ಟರೆ ಅದೇ ರಸ ಬಿಡುತ್ತದೆ. ಮೇಲೆ ದಪ್ಪ ಕಾಯಿಹಾಲು, ಏಲಕ್ಕಿ. ಮಾಡಿದ ದಿನವೇ ಖಾಲಿ ಮಾಡಿ, ಕಾಯಿಹಾಲು ಬೇಗ ಹಳಸುತ್ತದೆ. ಇಲ್ಲಿ ಒತ್ತು ಶಾವಿಗೆಗೂ ಸಿಹಿ ಕಾಯಿಹಾಲು ಹಾಕಿಕೊಂಡು ತಿನ್ನುತ್ತೇವೆ. ಶಾವಿಗೆ ಒರಳು ಸಿಕ್ಕಾಗ ಅದನ್ನೂ ಕಲಿಯಿರಿ, ಒತ್ತಲು ಮಾತ್ರ ಇಬ್ಬರು ಬೇಕು.

ಒಂದು ಮಾತು ಕೇಳಬೇಕಿತ್ತು. ಅವ್ವನಿಗೆ ಸಕ್ಕರೆ ಸೇರುವುದಿಲ್ಲ ಅಂದಿರಿ, ರುಚಿಗೆ ಸೇರುವುದಿಲ್ಲವೋ ಅಥವಾ ಸಕ್ಕರೆ ಕಾಯಿಲೆಯೋ? ಕಾಯಿಲೆ ಇದ್ದರೆ ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಬೆಲ್ಲ ಒಳ್ಳೆಯದು ಅಂತ ನಂಬಿ ಬಟ್ಟಲುಗಟ್ಟಲೆ ಕೊಡುವುದನ್ನು ನೋಡಿದರೆ ನನಗೆ ಭಯವಾಗುತ್ತದೆ, ಅದಕ್ಕೆ ಕೇಳಿದೆ.

ಕೊಪ್ಪಳ ಟು ಹಾಸನ:

ಇಲ್ಲಕ್ಕಾ, ಕಾಯಿಲೆ ಇಲ್ಲ. ಬೆಲ್ಲದ ರುಚಿಯೇ ಅವಳಿಗೆ ಇಷ್ಟ. ಕೇಳಿದ್ದು ಒಳ್ಳೆಯದಾಯಿತು.

ಆಲೂಗಡ್ಡೆ ಹೊಲ:

ಹಾಸನಕ್ಕೆ ಬಂದು ಆಲೂಗಡ್ಡೆ ವಿಷಯ ಯಾರೂ ಎತ್ತಲಿಲ್ಲವಲ್ಲ! ಇಲ್ಲಿ ಮುಂಗಾರಿಗೆ ಬಿತ್ತಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೀಳುತ್ತೇವೆ. ಆಗ ಸಿಗುವ ಹೊಸ ಗೆಡ್ಡೆಯ ಸಿಪ್ಪೆ ತೆಳು, ಉಜ್ಜಿ ತೊಳೆದರೆ ಸಾಕು, ಹೆರೆಯುವ ಕೆಲಸವೇ ಇಲ್ಲ. ಹಸಿರು ತಿರುಗಿದ ಗೆಡ್ಡೆ ಬಂದರೆ ಆ ಭಾಗವನ್ನು ದಪ್ಪಕ್ಕೆ ಕೆತ್ತಿ ಬಿಸಾಡಿ, ಪೂರ್ತಿ ಹಸಿರಾಗಿದ್ದರೆ ಗೆಡ್ಡೆಯನ್ನೇ ಬಿಸಾಡಿ, ಮಕ್ಕಳಿರುವ ಮನೆ ಬೇರೆ.

ಕುಕ್ಕರಲ್ಲಿ ಒಂದೇ ಸಲಕ್ಕೆ ಆಗುವ ಸಾಗು ಹೇಳುತ್ತೇನೆ. ಕಾಯಿತುರಿ, ಒಂದು ಚಮಚ ಹುರಿಗಡಲೆ, ಶುಂಠಿ, ಬೆಳ್ಳುಳ್ಳಿ, ಒಂದು ಚೂರು ಚಕ್ಕೆ, ಎರಡು ಲವಂಗ, ಒಂದೆರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ರುಬ್ಬಿ. ಎಣ್ಣೆಗೆ ಸಾಸಿವೆ, ಈರುಳ್ಳಿ, ಟೊಮೇಟೊ, ಆಲೂಗಡ್ಡೆ, ರುಬ್ಬಿದ್ದು, ಉಪ್ಪು, ನೀರು, ಎರಡು ವಿಷಲ್. ಅವರೆಕಾಯಿ ಕಾಲ ಬಂದಾಗ ಇದಕ್ಕೇ ಹಸಿ ಅವರೆಕಾಳು ಸೇರಿಸಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಕಾಯಿ ಬರುತ್ತದೆ, ಆ ವಾಸನೆಗೇ ಹಸಿವಾಗುತ್ತದೆ.

ಇದರ ಜೊತೆ ಅಕ್ಕಿ ರೊಟ್ಟಿ. ಅಮ್ಮನಿಗೆ ಮೆತ್ತಗಿರಬೇಕು ಅಂದರೆ ಉಕ್ಕರಿಸಿದ ಹಿಟ್ಟಿನದೇ ಮಾಡಿ. ಒಂದು ಲೋಟ ನೀರು, ಉಪ್ಪು ಕುದಿಸಿ, ಒಂದು ಲೋಟ ಅಕ್ಕಿ ಹಿಟ್ಟು ಹಾಕಿ, ಮುಚ್ಚಿ ಒಲೆ ಆರಿಸಿ. ಕೈ ತಡೆಯುವಷ್ಟು ಬಿಸಿ ಇರುವಾಗ ಚೆನ್ನಾಗಿ ನಾದಬೇಕು. ನೀವು ಜೋಳದ ರೊಟ್ಟಿ ಬಡಿಯುವವರು, ಬಿಸಿ ನೀರಲ್ಲಿ ಹಿಟ್ಟು ನಾದುವುದು ನಿಮಗೆ ಹೊಸದಲ್ಲ, ಇದನ್ನು ಲಟ್ಟಿಸುವುದು ನಿಮಗೆ ಸಲೀಸು. ಬೇಯಿಸಿದ ಕೂಡಲೇ ಬಟ್ಟೆಯಲ್ಲಿ ಸುತ್ತಿಡಿ, ಗಾಳಿಗೆ ಬಿಟ್ಟರೆ ಬಿರುಸಾಗುತ್ತದೆ.

ಕೊಪ್ಪಳ ಟು ಹಾಸನ:

ರೊಟ್ಟಿ ವಿಷಯ ಓದಿ ಅವ್ವನಿಗೆ ಹೇಳಿದೆ, ತಾನೇ ನಾದಿಕೊಡುತ್ತೇನೆ ಅಂದಳು. ಈ ವಾರ ಕಡುಬು, ಭಾನುವಾರ ಹಾಲುಬಾಯಿ. ಉಳಿದರೆ ಫ್ರಿಜ್‌ನಲ್ಲಿ ಇಡಬಹುದಾ?

ಹೊಳೆನರಸೀಪುರ ಮನೆಯಡುಗೆ:

ಇಡಬಹುದು, ಆದರೆ ಫ್ರಿಜ್‌ನಲ್ಲಿ ಅಕ್ಕಿ ಪದಾರ್ಥ ಗಟ್ಟಿಯಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು, ತಿನ್ನುವ ಮೊದಲು ಎರಡು ಮೂರು ನಿಮಿಷ ಹಬೆ ತೋರಿಸಿ, ಮತ್ತೆ ಮೆತ್ತಗಾಗುತ್ತದೆ. ಕಾಯಿ ಹಾಕಿರುವುದರಿಂದ ಎರಡು ದಿನದೊಳಗೆ ಮುಗಿಸಿ.

ಮೂಡಿಗೆರೆ ಕಾಳುಮೆಣಸು:

ಕಡುಬು ಉಳಿದರೆ ಬೆಳಗ್ಗೆ ಪುಡಿ ಮಾಡಿ ಸಾಸಿವೆ, ಉದ್ದಿನಬೇಳೆ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ. ಮಗಳ ಟಿಫನ್ ಡಬ್ಬಿಗೂ ಆಗುತ್ತದೆ. ನಾವು ಅದಕ್ಕೋಸ್ಕರವೇ ರಾತ್ರಿ ನಾಲ್ಕು ಕಡುಬು ಜಾಸ್ತಿ ಮಾಡುತ್ತೇವೆ.