ಕೋಆಕ್ಸಿಯಲ್ ಜರ್ಮೇನಿಯಂ ಡಿಟೆಕ್ಟರ್ ಸಾಕಾ, ಪಾಯಿಂಟ್ ಕಾಂಟ್ಯಾಕ್ಟೇ ಬೇಕಾ?

ಶ್ರೀಧರ, ಜಾಲಹಳ್ಳಿ: ಎಂಎಸ್ಸಿ ಮಕ್ಕಳಿಗೆ ಒಂದು ಪ್ರಯೋಗ ಕಟ್ಟಬೇಕು. ಜರ್ಮೇನಿಯಂ-76ರಲ್ಲಿ ನ್ಯೂಟ್ರಿನೋ ಇಲ್ಲದ ಡಬಲ್ ಬೀಟಾ ಕ್ಷಯ (ಒಂದೇ ನ್ಯೂಕ್ಲಿಯಸ್‌ನಿಂದ ಎರಡು ಎಲೆಕ್ಟ್ರಾನ್ ಮಾತ್ರ ಹೊರಬರೋದು) ಹುಡುಕುವವರು, ಅದರ ಗುರುತು ಕಾಣಬೇಕಾದ 2039 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಅಳತೆ) ಸುತ್ತಲಿನ ಗಾಮಾ ಹಿನ್ನೆಲೆಯನ್ನು ಡಿಟೆಕ್ಟರಿನ ವಿದ್ಯುತ್ ಪಲ್ಸ್ ಆಕಾರ ನೋಡಿ ತೆಗೆದುಹಾಕ್ತಾರಲ್ಲ, ಅದನ್ನೇ ಇಲ್ಲಿ ತೋರಿಸಬೇಕು. ಲ್ಯಾಬಲ್ಲಿರೋ ಪಿ-ಟೈಪ್ ಕೋಆಕ್ಸಿಯಲ್ಲೇ (ನಡುವೆ ತೂತಿರೋ ಸಿಲಿಂಡರ್ ಹರಳು) ಸಾಕು ಅಂತ ನನ್ನ ವಾದ. ಕೋಬಾಲ್ಟ್-60ರ 1332 ಕೆಇವಿ ಗೆರೆ 1.9 ಕೆಇವಿ ಅಗಲಕ್ಕೆ ಬರುತ್ತೆ, ಇನ್ನೇನು ಬೇಕು?

ಲತಾ, ಬಸವನಗುಡಿ: ಸರ್, ರೆಸಲ್ಯೂಷನ್ (ಗೆರೆ ಎಷ್ಟು ಕಿರಿದು ಅನ್ನೋದು) ಬೇರೆ, ಪಲ್ಸ್ ಆಕಾರ ಬೇರೆ. ಕೋಆಕ್ಸಿಯಲ್‌ನಲ್ಲಿ ಕಾಂಟ್ಯಾಕ್ಟ್ ನಡುವಿನ ತೂತಿನ ಉದ್ದಕ್ಕೂ ಇರುತ್ತೆ. ಚಾರ್ಜ್ ಹೊರಟ ಕ್ಷಣದಿಂದಲೇ ಸಿಗ್ನಲ್ ಏರುತ್ತೆ, ಆಕಾರ ಬಿದ್ದ ಜಾಗಕ್ಕೆ ತಕ್ಕಂತೆ ಬದಲಾಗುತ್ತೆ. ಪಾಯಿಂಟ್ ಕಾಂಟ್ಯಾಕ್ಟ್‌ನಲ್ಲಿ ಕಾಂಟ್ಯಾಕ್ಟ್ ಚುಕ್ಕೆಯಷ್ಟೇ; ಹೋಲ್‌ಗಳು (ಧನ ಚಾರ್ಜ್‌ಗಳು) ಆ ಪುಟ್ಟ ಕಾಂಟ್ಯಾಕ್ಟ್ ಹತ್ತಿರ ಬಂದಾಗಷ್ಟೇ ಕರೆಂಟ್ ಚಿಮ್ಮೋದು. ಶಕ್ತಿ ಒಂದೇ ಕಡೆ ಬಿದ್ದಿದ್ದರೆ ಎತ್ತರವಾದ ಒಂದೇ ಒಂದು ಮೊನೆ. ಗಾಮಾ ಎರಡು ಮೂರು ಕಡೆ ಚೆದುರಿದ್ದರೆ ಬಿಡಿಬಿಡಿ ಗಿಡ್ಡ ಮೊನೆಗಳು. ಕರೆಂಟಿನ ಗರಿಷ್ಠ ಎತ್ತರವನ್ನು ಶಕ್ತಿಯಿಂದ ಭಾಗಿಸಿದರೆ ಎರಡೂ ಬೇರೆಯಾಗ್ತವೆ. ಕೆಪಾಸಿಟೆನ್ಸ್ ಸಹ 1 ಪಿಕೋಫ್ಯಾರಡ್ ಆಸುಪಾಸು, ನಾಯ್ಸ್ ಕಮ್ಮಿ.

ಶ್ರೀಧರ: ಇದೇ ಕ್ಷಯ ಹುಡುಕಿದ ಇಟಲಿಯ ಗೆರ್ಡಾ ಪ್ರಯೋಗದವರು ಅರೆ-ಕೋಆಕ್ಸಿಯಲ್‌ಗಳಿಗೆ ನ್ಯೂರಲ್ ನೆಟ್‌ವರ್ಕ್ ಹಾಕಿ ಬೇರ್ಪಡಿಸಿದ್ದರಲ್ಲ ಮೇಡಂ?

ಇಮ್ತಿಯಾಜ್, ಯಶವಂತಪುರ: ಹೌದು, ಆದರೆ ಅದನ್ನ ಪಳಗಿಸೋದು ಯಾವುದರ ಮೇಲೆ ಅಂತ ನೋಡಿ. ಥೋರಿಯಂ ಸೋರ್ಸಿನ 2614.5 ಕೆಇವಿ ಗಾಮಾ ಹರಳಿನೊಳಗೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಮಾಡಿ, ಆ ಪಾಸಿಟ್ರಾನ್ ಅಳಿದಾಗ ಹುಟ್ಟೋ 511 ಕೆಇವಿ ಗಾಮಾ ಎರಡೂ ಹೊರಗೆ ತಪ್ಪಿಸಿಕೊಂಡರೆ 1592.5ರಲ್ಲಿ ಶಿಖರ ಬರುತ್ತೆ. ಅದು ಒಂದೇ ಕಡೆ ಬಿದ್ದ ಶಕ್ತಿ, ಡಬಲ್ ಬೀಟಾದ ತದ್ರೂಪು. ಕತ್ತರಿಸುವ ಗಡಿಯನ್ನು ಈ ಶಿಖರದ 90% ಉಳಿಯುವ ಹಾಗೆ ಇಡಿ. ಪಕ್ಕದ 1620.5, ಬಿಸ್ಮತ್-212ರದ್ದು, ಹೆಚ್ಚಾಗಿ ಹಲವು ಕಡೆ ಚೆದುರೋದು, ಅದು ಕುಸಿಯಬೇಕು. ಒಂದೇ 511 ತಪ್ಪಿಸಿಕೊಂಡಾಗ ಬರೋ 2103.5 ಇನ್ನೂ ಹೆಚ್ಚು ಕುಸಿಯಬೇಕು. 1620.5 ಹಾಗೇ ನಿಂತಿದ್ದರೆ ನಿಮ್ಮ ಗಡಿ ಸುಳ್ಳು.

ಲತಾ: ಇಲ್ಲೊಂದು ಸೂಕ್ಷ್ಮ ಇದೆ. ಎರಡೂ 511 ತಪ್ಪಿಸಿಕೊಳ್ಳೋದು ಹರಳಿನ ಅಂಚಲ್ಲಿ, ಮೂಲೆಯಲ್ಲಿ ಹೆಚ್ಚು. ಡಬಲ್ ಬೀಟಾ ಹಾಗಲ್ಲ, ಹರಳೆಲ್ಲ ಸಮನಾಗಿ ಹರಡಿರುತ್ತೆ. ಆಕಾರ ಜಾಗದ ಮೇಲೆ ನಿಂತ ಕೋಆಕ್ಸಿಯಲ್‌ನಲ್ಲಿ ನೆಟ್‌ವರ್ಕ್ ಅಂಚಿನ ಗುರುತನ್ನೇ ಕಲಿತುಬಿಡೋ ಅಪಾಯ ಇದೆ.

ಶ್ರೀಧರ: ಈ ಮಾತು ಒಪ್ಪಿದೆ. ಹಾಗಾದರೆ ಕೋಆಕ್ಸಿಯಲ್‌ನಲ್ಲಿ ಮೊದಲು ಮಾಡಿ, ಎಲ್ಲಿ ಸೋಲುತ್ತೆ ಅಂತ 1620.5ರಲ್ಲೇ ತೋರಿಸೋಣ. ಸೋರ್ಸಿಗೆ ಕೆಂಪು ತುದಿಯ ಥೋರಿಯೇಟೆಡ್ (ಥೋರಿಯಂ ಬೆರೆಸಿದ) ವೆಲ್ಡಿಂಗ್ ರಾಡಿನ ಒಂದು ಕಟ್ಟು ಸಾಕಾ?

ಇಮ್ತಿಯಾಜ್: ಹಲವು ದಿನ ಎಣಿಸಿದರೆ ಸಾಕು, ಉಜ್ಜಬೇಡಿ ಅಷ್ಟೇ, ಧೂಳು ಅಪಾಯ. ಪಲ್ಸ್ ಆಕಾರ ದಾಖಲಿಸೋಕೆ 100 ಮೆಗಾಹರ್ಟ್ಸ್, 14 ಬಿಟ್ ಡಿಜಿಟೈಜರ್ ಇರಲಿ. ಇನ್ನೊಂದು, ಹರಳನ್ನು ತಂಪಾಗಿಡೋ ದ್ರವ ನೈಟ್ರೋಜನ್ ಮುಗಿದು ಹರಳು ಅರ್ಧ ಬೆಚ್ಚಗಾದರೆ ತಕ್ಷಣ ತುಂಬಿಸಬೇಡಿ. ಮಾಲಿಕ್ಯುಲರ್ ಸೀವ್ (ನಿರ್ವಾತ ಕಾಯಲು ಅನಿಲ ಹೀರಿಕೊಳ್ಳೋ ವಸ್ತು) ಬಿಟ್ಟ ಅನಿಲ ಮತ್ತೆ ತಂಪಾಗುವಾಗ ಹರಳಿನ ಮೇಲೆ ಕೂತು ಲೀಕೇಜ್ ಕರೆಂಟ್ ಏರುತ್ತೆ. ಪೂರ್ತಿ ಕೋಣೆಯ ತಾಪಕ್ಕೆ ಬರಲಿ, ಆಮೇಲೆ ತುಂಬಿಸಿ. ಕರೆಂಟಿನ ಕೂಲರ್ ಇದ್ದರೂ ಇದೇ ನಿಯಮ. ಮಳೆಗಾಲದ ಪವರ್‌ಕಟ್‌ಗೆ ಯುಪಿಎಸ್ ಮೊದಲೇ ನೋಡ್ಕೊಳ್ಳಿ.