ಗಡುವು ದಾಟಿದ ಸಾಲು ಕೆಂಪಾಗಬೇಕು, ಖಾಲಿ ಸಾಲೂ ಕೆಂಪಾಗುತ್ತಿದೆ

ಖಾಲಿಸೆಲ್:
ಎಕ್ಸೆಲ್‌ನಲ್ಲಿ ಬಾಕಿ ಕೆಲಸಗಳ ಪಟ್ಟಿ ಇಟ್ಟಿದ್ದೇನೆ, ಸುಮಾರು 400 ಸಾಲು. ಡಿ ಕಾಲಂನಲ್ಲಿ ಗಡುವು, ಇ ಕಾಲಂನಲ್ಲಿ ಮುಗಿದ ದಿನ. ಮುಗಿಯದಿದ್ದರೆ ಇ ಖಾಲಿ. ಗಡುವು ದಾಟಿದ್ದು ಕೆಂಪಾಗಲಿ ಅಂತ ಡಿ ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ, ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ (ಷರತ್ತಿಗೆ ತಕ್ಕಂತೆ ಬಣ್ಣ ಹಚ್ಚುವ ಸೌಲಭ್ಯ) ಲೆಸ್ ದ್ಯಾನ್, ಅಂದರೆ ಇದಕ್ಕಿಂತ ಚಿಕ್ಕದು ಅನ್ನುವುದನ್ನು ಆರಿಸಿ, ಇವತ್ತಿನ ತಾರೀಕು ಕೊಡುವ ಟುಡೇ ಫಾರ್ಮುಲಾ ಕೊಟ್ಟೆ. ಈಗ ಮುಗಿದ ಕೆಲಸವೂ ಕೆಂಪು, ಕೆಳಗಿನ ಖಾಲಿ ಸೆಲ್‌ಗಳೂ ಕೆಂಪು, ಶೀಟ್ ಪೂರ್ತಿ ಕೆಂಪೋ ಕೆಂಪು. ನನಗೆ ಬೇಕಿರುವುದು ಇಷ್ಟೇ: ಗಡುವು ದಾಟಿರಬೇಕು, ಮುಗಿದಿರಬಾರದು, ಆಗ ಇಡೀ ಸಾಲು ಕೆಂಪಾಗಬೇಕು. ಎಲ್ಲಿ ಎಡವಿದೆ?

ಡಾಲರ್‌ಗುರುತು:
ಖಾಲಿ ಸೆಲ್ ಅಂದರೆ ಎಕ್ಸೆಲ್‌ಗೆ ಸೊನ್ನೆ. ತಾರೀಕು ಅನ್ನುವುದೂ ಒಳಗಡೆ ಬರೀ ನಂಬರ್. 1900ರ ಜನವರಿ 1 ಅಂದರೆ 1, 2025ರ ಜನವರಿ 1 ಅಂದರೆ 45658. ಸೊನ್ನೆ ಇವತ್ತಿಗಿಂತ ಚಿಕ್ಕದು ತಾನೇ, ಅದಕ್ಕೇ ಖಾಲಿ ಇದ್ದದ್ದೂ ಕೆಂಪಾಯಿತು.

ಹಳೆ ರೂಲ್ ಅಳಿಸಿ. ಎ2ರಿಂದ ಶುರು ಮಾಡಿ ಇ400ರವರೆಗೆ ಸೆಲೆಕ್ಟ್ ಮಾಡಿ. ನ್ಯೂ ರೂಲ್‌ಗೆ ಹೋಗಿ, ಕೊನೆಯಲ್ಲಿ ಫಾರ್ಮುಲಾ ಬರೆಯುವ ಆಯ್ಕೆ ಇರುತ್ತದೆ, ಅದರಲ್ಲಿ ಇದನ್ನು ಹಾಕಿ:

=ಆಂಡ್($ಡಿ2<>"",$ಡಿ2<ಟುಡೇ(),$ಇ2="")

ಅಂದರೆ ಡಿ ಖಾಲಿ ಇರಬಾರದು, ಡಿ ಇವತ್ತಿಗಿಂತ ಹಿಂದಿನದಾಗಿರಬೇಕು, ಇ ಖಾಲಿ ಇರಬೇಕು, ಮೂರೂ ಸೇರಿದರೆ ಮಾತ್ರ ಬಣ್ಣ. (ನಾನು ಫೋನಿನಲ್ಲಿ ಕನ್ನಡ ಕೀಬೋರ್ಡ್‌ನಲ್ಲೇ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.)

ಡಿ ಹಿಂದಿನ ಡಾಲರ್ ಬಿಡಬೇಡಿ. ಅದು ಇದ್ದರೆ ಮಾತ್ರ ಸಾಲಿನ ಎಲ್ಲ ಸೆಲ್‌ಗಳೂ ಡಿ ಕಾಲಂ ನೋಡಿ ಬಣ್ಣ ಹಚ್ಚಿಕೊಳ್ಳುತ್ತವೆ. 2ರ ಹಿಂದೆ ಮಾತ್ರ ಡಾಲರ್ ಹಾಕಬೇಡಿ, ಹಾಕಿದರೆ 400 ಸಾಲೂ ಎರಡನೇ ಸಾಲನ್ನೇ ನೋಡುತ್ತಾ ಕೂತಿರುತ್ತವೆ. ಇನ್ನೊಂದು, ಎ1ರಿಂದ ಸೆಲೆಕ್ಟ್ ಮಾಡಿ ಫಾರ್ಮುಲಾದಲ್ಲಿ 2 ಅಂತ ಬರೆದರೆ ಬಣ್ಣ ಒಂದು ಸಾಲು ಮೇಲಕ್ಕೆ ಜಾರುತ್ತದೆ. ಒಂದು ವಾರ ಬೇರೆಯವರ ಕೆಲಸಕ್ಕೆ ಕೆಂಪು ಹಚ್ಚಿ ಬೈಸಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ.

ಟುಡೇ ಬದಲು ನೌ ಹಾಕಬೇಡಿ. ಅದರಲ್ಲಿ ಗಂಟೆಯೂ ಸೇರಿರುತ್ತದೆ, ಇವತ್ತು ಸಂಜೆಯವರೆಗೆ ಟೈಮ್ ಇರುವ ಕೆಲಸ ಬೆಳಿಗ್ಗೆಯೇ ಕೆಂಪಾಗುತ್ತದೆ.

ಖಾಲಿಸೆಲ್:
ಬಂತು, ಥ್ಯಾಂಕ್ಸ್! ಆದರೆ ಹನ್ನೊಂದು ಸಾಲು ಬೆಳ್ಳಗೇ ಇವೆ. 37ನೇ ಸಾಲಿನಲ್ಲಿ 18/06 ಅಂತ ಇದೆ, ಅದು ಮುಗಿದು ಎಷ್ಟೋ ದಿನ ಆಯಿತು, ಕೆಲಸವೂ ಆಗಿಲ್ಲ.

ಎಡಬಲ:
ಆ ಹನ್ನೊಂದು ಸಾಲಿನಲ್ಲಿ ತಾರೀಕು ಸೆಲ್‌ನ ಎಡಕ್ಕೆ ಅಂಟಿಕೊಂಡಿದೆಯಾ ನೋಡಿ. ನೀವು ಅಲೈನ್‌ಮೆಂಟ್ ಮುಟ್ಟದಿದ್ದರೆ ನಿಜವಾದ ತಾರೀಕು ಬಲಕ್ಕೆ ಇರುತ್ತದೆ, ಎಡಕ್ಕಿದ್ದರೆ ಅದು ಬರೀ ಅಕ್ಷರ. ಕಾಲಂ ಅನ್ನು ಜನರಲ್ ಫಾರ್ಮ್ಯಾಟ್‌ಗೆ ಹಾಕಿದರೂ ಗೊತ್ತಾಗುತ್ತದೆ, ತಾರೀಕು ಐದಂಕಿ ನಂಬರ್ ಆಗುತ್ತದೆ, ಅಕ್ಷರ ಅಲ್ಲಾಡುವುದಿಲ್ಲ. ಹೋಲಿಸುವಾಗ ಎಕ್ಸೆಲ್ ಅಕ್ಷರವನ್ನು ಯಾವಾಗಲೂ ನಂಬರಿಗಿಂತ ದೊಡ್ಡದು ಅಂದುಕೊಳ್ಳುತ್ತದೆ. ಹಾಗಾಗಿ ಅಂಥ ಸಾಲು ಎಷ್ಟು ವರ್ಷ ಕಳೆದರೂ ಕೆಂಪಾಗಲ್ಲ.

ಈ ಪಟ್ಟಿ ಬೇರೆ ಕಡೆಯಿಂದ ತಂದು ಪೇಸ್ಟ್ ಮಾಡಿದ್ದಾ? ನಿಮ್ಮ ಕಂಪ್ಯೂಟರ್ ಮೊದಲು ತಿಂಗಳು, ಆಮೇಲೆ ದಿನ ಅನ್ನುವ ಸೆಟ್ಟಿಂಗ್‌ನಲ್ಲಿದ್ದರೆ ಹೀಗಾಗುತ್ತದೆ. 18ನೇ ತಿಂಗಳು ಇಲ್ಲವಲ್ಲ, ಅದಕ್ಕೆ 18/06 ಅಕ್ಷರವಾಗಿಯೇ ಉಳಿಯಿತು. ಇದು ಪರವಾಗಿಲ್ಲ, ಸಿಕ್ಕಿಬಿತ್ತು. ನನಗೆ ಭಯ 07/04ರಂಥದ್ದು. ನೀವು ಬರೆದದ್ದು ಏಪ್ರಿಲ್ 7, ಅದು ಓದಿಕೊಂಡದ್ದು ಜುಲೈ 4. ಮೂರು ತಿಂಗಳು ಸುಮ್ನೆ ಬೆಳ್ಳಗೆ ಕೂತಿರುತ್ತದೆ, ಯಾರಿಗೂ ಅನುಮಾನ ಬರಲ್ಲ. ತಪ್ಪಾಗಿ ಕೆಂಪಾದರೆ ಯಾರಾದರೂ ಬಂದು ಜಗಳ ಆಡುತ್ತಾರೆ, ಕೆಂಪಾಗದೇ ಉಳಿದದ್ದನ್ನು ಕೇಳುವವರೇ ಇಲ್ಲ.

ಅಕ್ಷರವಾಗಿ ಉಳಿದದ್ದಕ್ಕೆ ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್, ಮೂರನೇ ಹೆಜ್ಜೆಯಲ್ಲಿ ಡೇಟ್ ಒತ್ತಿ ಡಿಎಂವೈ (ದಿನ, ತಿಂಗಳು, ವರ್ಷ) ಆರಿಸಿ. ಆಗಲೇ ತಿರುಚಿಕೊಂಡ ತಾರೀಕುಗಳಿಗೆ ಇದನ್ನು ನಂಬಬೇಡಿ, ಮೂಲ ಫೈಲ್‌ನಿಂದ ಮತ್ತೆ ಸರಿಯಾಗಿ ತರುವುದೇ ವಾಸಿ. ಆಮೇಲೆ ಕೆಂಪಿನ ಜೊತೆ ಒಂದು ಹಳದಿ ರೂಲ್ ಕೂಡ ಇಟ್ಟುಕೊಳ್ಳಿ, ತಾರೀಕಲ್ಲದ್ದು ಬಿದ್ದ ತಕ್ಷಣ ಗೊತ್ತಾಗುತ್ತದೆ:

=ಆಂಡ್($ಡಿ2<>"",ನಾಟ್(ಈಸ್‌ನಂಬರ್($ಡಿ2)))

ಅಂಟುಕತ್ತರಿ:
ಎಲ್ಲ ಸರಿಹೋದ ಮೇಲೆ ಒಂದು ಎಚ್ಚರ. ಸಾಲುಗಳನ್ನು ಕಾಪಿ ಪೇಸ್ಟ್ ಮಾಡುತ್ತಾ ಹೋದರೆ ರೂಲ್‌ಗಳೂ ತುಂಡು ತುಂಡಾಗಿ ಜೊತೆಗೆ ಬರುತ್ತವೆ. ನನ್ನ ಒಂದು ಶೀಟ್ ಯಾಕೋ ತೆವಳುತ್ತಿದೆ ಅಂತ ಮ್ಯಾನೇಜ್ ರೂಲ್ಸ್ ತೆಗೆದರೆ ಒಂದೇ ರೂಲ್ ಅರವತ್ತು ಚೂರಾಗಿತ್ತು, ಒಂದೊಂದು ಚೂರು ನಾಲ್ಕೈದು ಸಾಲಿಗೆ. ಎಲ್ಲ ಅಳಿಸಿ ಹೊಸದಾಗಿ ಒಂದು ಹಾಕಿದೆ. ಈಗ ಪೇಸ್ಟ್ ಮಾಡುವಾಗ ವ್ಯಾಲ್ಯೂಸ್ ಮಾತ್ರ.

ಗೂಗಲ್ ಶೀಟ್ಸ್‌ನಲ್ಲೂ ಇದೇ ಫಾರ್ಮುಲಾ ನಡೆಯುತ್ತದೆ, ಕಸ್ಟಮ್ ಫಾರ್ಮುಲಾ ಅಂತ ಆರಿಸಬೇಕು. ಅಲ್ಲಿ ದಿನ, ತಿಂಗಳ ಕ್ರಮ ಫೈಲ್‌ನ ಸೆಟ್ಟಿಂಗ್ಸ್‌ನಲ್ಲಿರುವ ಲೊಕೇಲ್ (ದೇಶದ ಆಯ್ಕೆ) ಪ್ರಕಾರ.

ಬೂದುಬಣ್ಣ:
ನನಗೆ ಕೆಂಪು, ಹಸಿರಿನ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಬಣ್ಣ ಇರಲಿ, ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಎಷ್ಟು ದಿನ ತಡ ಅಂತಲೂ ತೋರಿಸಿ, ಮುಗಿಯದ ಸಾಲುಗಳಲ್ಲಿ ಟುಡೇಯಿಂದ ಡಿ2 ಕಳೆದರೆ ಆಯಿತು. ಜಾಸ್ತಿ ತಡವಾದದ್ದು ಮೇಲೆ ಬರುವ ಹಾಗೆ ಸಾರ್ಟ್ ಮಾಡಬಹುದು, ಪ್ರಿಂಟ್ ಕಪ್ಪು ಬಿಳುಪಾದರೂ ಓದಲು ಬರುತ್ತದೆ.

ಖಾಲಿಸೆಲ್:
ಹನ್ನೊಂದರಲ್ಲಿ ಒಂಬತ್ತು ಎಡಕ್ಕೇ ಇದ್ದವು, ಸರಿಯಾದವು. 07/04ರ ಥರದ್ದೂ ಸಿಕ್ಕವು, ಮೂಲ ಫೈಲ್ ಮತ್ತೆ ತರುತ್ತಿದ್ದೇನೆ. ಉಳಿದ ಎರಡು ಸಾಲಿನಲ್ಲಿ ತಾರೀಕು ಸರಿಯಾಗಿಯೇ ಇತ್ತು, ಆದರೂ ಬೆಳ್ಳಗೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಇ ಕಾಲಂನಲ್ಲಿ ಕ್ಲಿಕ್ ಮಾಡಿ ನೋಡಿದೆ. ಯಾರೋ ತಾರೀಕು ಅಳಿಸಲು ಡಿಲೀಟ್ ಬದಲು ಸ್ಪೇಸ್ ಒತ್ತಿದ್ದಾರೆ.

ಡಾಲರ್‌ಗುರುತು:
ಹ್ಹಹ್ಹ, ಅದೊಂದನ್ನು ಮರೆತಿದ್ದೆ. $ಇ2="" ಬದಲು ಟ್ರಿಮ್($ಇ2)="" ಹಾಕಿ, ಅದು ಸ್ಪೇಸ್ ಕಿತ್ತುಹಾಕಿ ನೋಡುತ್ತದೆ.