ಪದ ಬೇಕು: ಫ್ಯಾರಡೆ ತಿರುವಿನ ಧನ, ಋಣ ದಿಕ್ಕಿಗೆ

ಎಲ್ಲರಿಗೂ ನಮಸ್ಕಾರ. ಲ್ಯಾಬಿನ ಫ್ಯಾರಡೆ ಪರಿಣಾಮದ ಮೇಜಿಗೆ ಕನ್ನಡ ಫಲಕ ಆಗಬೇಕು. ಕಾಂತಕ್ಷೇತ್ರದ ನೇರಕ್ಕೆ ವಸ್ತುವಿನೊಳಗೆ ಸಾಗುವ ಬೆಳಕಿನ ಕಂಪನದ ತಲ, ಅಂದರೆ ಧ್ರುವೀಕರಣದ ತಲ, ತಿರುಗುವುದೇ ಈ ಪರಿಣಾಮ. ನಾಳೆ ಬೆಳಿಗ್ಗೆ ಪಿ.ಬಿ. ರಸ್ತೆಯ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಕಾಯಿಲ್ ಒಳಗೆ 2 ಸೆಂ.ಮೀ. ಉದ್ದದ ಟರ್ಬಿಯಂ ಗ್ಯಾಲಿಯಂ ಗಾರ್ನೆಟ್ ಹರಳು, ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರಾಯ್ಡ್, ಕೆಂಪು ಲೇಸರ್. "ವರ್ಡೆ ಸ್ಥಿರಾಂಕ ಧನವಾದರೆ ಧ್ರುವೀಕರಣದ ತಲ ಪ್ರದಕ್ಷಿಣವಾಗಿ..." ಎಂದು ಶುರುಮಾಡಿ ನಿಲ್ಲಿಸಿದ್ದೇನೆ. (ವರ್ಡೆ ಸ್ಥಿರಾಂಕ ಎಂದರೆ ಒಂದು ವಸ್ತು ಆ ತಲವನ್ನು ಎಷ್ಟು, ಎತ್ತ ತಿರುಗಿಸುತ್ತದೆ ಎನ್ನುವ ಅಳತೆ.) ಪ್ರದಕ್ಷಿಣವೋ ಅಪ್ರದಕ್ಷಿಣವೋ? ಬೇರೆ ಪದ ಇದೆಯೇ?
— ದಾವಣಗೆರೆ

ಬಲಮುರಿ, ಎಡಮುರಿ. ಶಂಖಕ್ಕೆ, ಗಣಪತಿಯ ಸೊಂಡಿಲಿಗೆ ಜನ ಇವತ್ತಿಗೂ ಹೇಳುವ ಮಾತು. ಈ 'ಬಲ' ಸಂಸ್ಕೃತದ ಶಕ್ತಿಯ ಬಲವಲ್ಲ, ತಮಿಳಿನ 'ವಲಂ' ಜೊತೆ ಹುಟ್ಟಿದ್ದು. 'ಮುರಿ' ಎಂದರೆ ಇಲ್ಲಿ ಬಾಗು, ತಿರುಗು. ಪ್ರದಕ್ಷಿಣ ಗುಡಿಯಲ್ಲಿರಲಿ.
— ಚಿತ್ರದುರ್ಗ

ಬಲಮುರಿ ಇಲ್ಲಿ ತಪ್ಪು, ಸರ್. ಶಂಖವನ್ನು ಯಾವ ತುದಿಯಿಂದ ನೋಡಿದರೂ ಬಲಮುರಿ ಬಲಮುರಿಯೇ. ಸಕ್ಕರೆ ದ್ರಾವಣಕ್ಕೆ ಆ ಮಾತು ಒಪ್ಪುತ್ತದೆ: ಬೆಳಕು ಯಾವ ಕಡೆಯಿಂದ ಬಂದರೂ ಎದುರು ನಿಂತವನಿಗೆ ಬಲಕ್ಕೇ ತಿರುಗುತ್ತದೆ, ಕನ್ನಡಿ ಇಟ್ಟು ಹಿಂದಕ್ಕೆ ಕಳಿಸಿದರೆ ತಿರುವು ಅಳಿಸಿಹೋಗುತ್ತದೆ. 1845ರಲ್ಲಿ ಫ್ಯಾರಡೆ ಕಂಡ ತಿರುವು ಹಾಗಲ್ಲ. ಅದಕ್ಕೆ ಬೆಳಕು ಎತ್ತ ಸಾಗಿದರೂ ಒಂದೇ, ಕ್ಷೇತ್ರದ ದಿಕ್ಕೇ ಮುಖ್ಯ. ಕನ್ನಡಿಯಿಂದ ಮರಳಿದರೆ ಎರಡರಷ್ಟಾಗುತ್ತದೆ.

ಪ್ರದಕ್ಷಿಣವೂ ಸಾಲದು, ಯಾರು ಎಲ್ಲಿ ನಿಂತು ನೋಡಿದ್ದು ಎನ್ನಬೇಕಾಗುತ್ತದೆ. ಒಪ್ಪಿತ ನಿಯಮ ಹೀಗೆ: ಕ್ಷೇತ್ರ ಬೆಳಕಿನ ಜೊತೆಗೇ ಸಾಗುವಾಗ, ಬರುವ ಬೆಳಕಿಗೆ ಮುಖಮಾಡಿ ನಿಂತವನಿಗೆ ತಿರುವು ಅಪ್ರದಕ್ಷಿಣ ಕಂಡರೆ ವರ್ಡೆ ಸ್ಥಿರಾಂಕ ಧನ. ಸಕ್ಕರೆಗೆ ಅದೇ ನಿಲುವಿನಲ್ಲಿ ಪ್ರದಕ್ಷಿಣ ಧನ! ಎರಡೂ ಮೇಜು ಒಂದೇ ಲ್ಯಾಬಿನಲ್ಲಿದ್ದರೆ ಮಕ್ಕಳು ಚಿಹ್ನೆ ತಪ್ಪುವುದು ಇಲ್ಲೇ.

ಎಡ-ಬಲ ಬಿಟ್ಟು ಹೀಗೆ ಬರೆಯಿರಿ: "ಕರೆಂಟ್ ಸುತ್ತುವ ಕಡೆಗೇ ತಿರುಗಿದರೆ ಧನ, ಅದಕ್ಕೆ ಎದುರಾಗಿ ತಿರುಗಿದರೆ ಋಣ." ನೋಡುವವನು ಎಲ್ಲಿ ನಿಂತರೂ ಇದು ಕೆಡುವುದಿಲ್ಲ. ನೀರು ಧನ, ನಿಮ್ಮ ಹರಳು ಋಣ.
— ಹರಿಹರ

ಬಹಳ ಉಪಕಾರ ಸರ್. ಕಾಯಿಲ್ ಮೇಲೆ ಟೇಪ್ ಇದೆ, ಸುತ್ತು ಕಾಣುವುದಿಲ್ಲ. ಕೆಂಪು ವೈರು ಪ್ಲಸ್ ಎಂದು ಬರೆದರೆ ಸಾಕೇ?
— ದಾವಣಗೆರೆ

ಸಾಲದು. ವೈರಿನ ಬಣ್ಣ ಸುತ್ತಿನ ದಿಕ್ಕು ಹೇಳುವುದಿಲ್ಲ. ಕರೆಂಟ್ ತೀರಾ ಕಡಿಮೆ ಇಟ್ಟು ದಿಕ್ಸೂಚಿಯನ್ನು ಕಾಯಿಲ್ ಬಾಯಿಯ ನೇರಕ್ಕೆ ಹಿಡಿಯಿರಿ. ಹೆಚ್ಚಾದರೆ ಮುಳ್ಳಿನ ಕಾಂತತ್ವವೇ ಕೆಡಬಹುದು. ಉತ್ತರದ ತುದಿ ತೋರಿದ ಕಡೆಗೆ ಬಲಗೈ ಹೆಬ್ಬೆರಳು ಚಾಚಿದರೆ, ಉಳಿದ ಬೆರಳು ಮಡಚಿದ ಕಡೆಗೆ ಕರೆಂಟ್. ಬಾಣದ ಗುರುತನ್ನು ಟೇಪಿನ ಮೇಲೇ ಹಾಕಿ. ಕೋನವನ್ನು ಕರೆಂಟಿನ ಎರಡೂ ದಿಕ್ಕಿಗೆ ಓದಿ ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ, ಪೋಲರಾಯ್ಡ್ ಕೂರಿಸಿದ ದೋಷ ಹೋಗುತ್ತದೆ. 0.1 ಟೆಸ್ಲಾಗೆ ಸುಮಾರು 15 ಡಿಗ್ರಿ ಬರಬೇಕು.
— ಹರಿಹರ

ಅರ್ಥ ಒಪ್ಪಿದೆ, ಪದ ಒಪ್ಪುವುದಿಲ್ಲ. ಧನ, ಋಣ, ಸ್ಥಿರಾಂಕ, ಕರೆಂಟ್, ಕಾಯಿಲ್. ಕನ್ನಡ ಎಲ್ಲಿದೆ? ಸುರುಳಿ ಇದೆ, ಕೂಡು-ಕಳೆ ಇದೆ. ಋಣ ಎಂದರೆ ಹಳ್ಳಿ ಹುಡುಗನಿಗೆ ಸಾಲ.
— ಚಿತ್ರದುರ್ಗ

ಕೂಡು, ಕಳೆ ಲೆಕ್ಕ ಮಾಡುವ ಕ್ರಿಯೆ, ಚಿಹ್ನೆಯ ಹೆಸರಲ್ಲ. ಬೋರ್‌ವೆಲ್ ಮೋಟಾರ್ ಕೆಟ್ಟರೆ ನಮ್ಮ ಕಡೆ ರೈತರು "ಕಾಯಿಲ್ ಸುಟ್ಟೈತೆ" ಅಂತಾರೆ. ಅದನ್ನು ಕನ್ನಡ ಅಲ್ಲ ಎನ್ನುವ ಹಕ್ಕು ಯಾರಿಗಿದೆ?
— ಹಿರಿಯೂರು

ಕಿವಿಗೆ ಬಿದ್ದದ್ದೆಲ್ಲ ಕನ್ನಡ ಎನ್ನುವುದಾದರೆ ಪದಚರ್ಚೆ ಏಕೆ? ಸುರುಳಿ ಪಠ್ಯದಲ್ಲೇ ಇದೆ.
— ಚಿತ್ರದುರ್ಗ

ಸುರುಳಿ ಹಾಕುತ್ತೇನೆ. ಧನ-ಋಣ ಪಠ್ಯದಲ್ಲೂ ಇರುವುದರಿಂದ ಉಳಿಯುತ್ತವೆ. ಕೊನೆಯ ಸಾಲು: "ಸುರುಳಿಯಲ್ಲಿ ಕರೆಂಟ್ ಸುತ್ತುವ ಕಡೆಗೇ ತಿರುಗಿದರೆ ಧನ, ಎದುರು ತಿರುಗಿದರೆ ಋಣ. ಈ ಹರಳಿಗೆ −134."
— ದಾವಣಗೆರೆ

ಏಕಮಾನ, ತರಂಗಾಂತರ ಎರಡೂ ಬಿಟ್ಟಿದ್ದೀರಿ. "632.8 ನ್ಯಾನೊಮೀಟರಿನಲ್ಲಿ ಟೆಸ್ಲಾ-ಮೀಟರಿಗೆ −134 ರೇಡಿಯನ್" ಎಂದು ಬರೆಯಿರಿ. ಹಸಿರು ಲೇಸರ್ ಇಟ್ಟರೆ ತಿರುವು ಇದಕ್ಕಿಂತ ಹೆಚ್ಚು. ಕರೆಂಟ್ ಎಂದರೆ ಪ್ಲಸ್‌ನಿಂದ ಮೈನಸ್‌ಗೆ ಹರಿಯುವುದು, ಎಲೆಕ್ಟ್ರಾನ್ ಹೋಗುವ ದಿಕ್ಕಲ್ಲ. ಅದನ್ನೂ ಸೇರಿಸಿಯೇ ಪ್ರಿಂಟಿಗೆ ಕೊಡಿ.
— ಹರಿಹರ